ಎರಡು ನಾಲಿಗೆಯ ಸಾಲ

ಕಂಪನಿಯ ಪ್ರಧಾನ ಕಚೇರಿಯಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಮೆಣಸಕ್ಕ. ಆ ಅಡ್ಡಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಅವಳು ರೇಗಲಿಲ್ಲ. "ಇದನ್ನ ಇಟ್ಟೋನು ಯಾರೋ ಜಾಣ. ಅವನನ್ನ ನನ್ನ ವಿಭಾಗಕ್ಕೆ ಹಾಕ್ಕೊಡಿ, ಇಲ್ಲಿರೋರಿಗೆ ಒಂದು ಸಾಲು ನೆಟ್ಟಗೆ ಬರೆಯೋಕೆ ಬರಲ್ಲ" ಎಂದಳು. ಅಲ್ಲಿಂದ ಮುಂದೆ ಹೆಸರಿಟ್ಟವರು ಯಾರೆಂದು ಯಾರೂ ಬಾಯಿ ಬಿಡಲಿಲ್ಲ.

ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು ನಿಜ, ಆದರೆ ಅದು ಕಂಡಕಂಡವರ ಮೇಲೆ ಹರಿಯುವ ಸಿಟ್ಟಲ್ಲ. ಚಹಾ ಆರಿ ಹೋಗಿದ್ದರೆ ಹಾಗೇ ಕುಡಿಯುತ್ತಿದ್ದಳು. ಲಿಫ್ಟು ಕೆಟ್ಟರೆ ಮೆಟ್ಟಿಲು ಹತ್ತುತ್ತಿದ್ದಳು. ಒಂದೇ ಪ್ರಶ್ನೆಗೆ ಈ ಕೋಣೆಯಲ್ಲೊಂದು, ಆ ಕೋಣೆಯಲ್ಲೊಂದು ಉತ್ತರ ಕೊಡುವವರನ್ನು ಕಂಡರೆ ಮಾತ್ರ ಅವಳ ಮೈಯೆಲ್ಲ ಉರಿಯುತ್ತಿತ್ತು. ಅವಳ ಅಪ್ಪ ಅಚ್ಚುಮನೆಯಲ್ಲಿ ಮೊಳೆ ಜೋಡಿಸುತ್ತಿದ್ದವರು. ಅಲ್ಲಿಯ ಮಾಲೀಕ ಕೆಲಸಗಾರರ ಮುಂದೆ ವ್ಯಾಪಾರವೇ ಇಲ್ಲವೆಂದು ಅಳುವುದನ್ನೂ, ಬ್ಯಾಂಕಿನವರ ಮುಂದೆ ವ್ಯಾಪಾರ ಭರ್ಜರಿಯೆಂದು ಎದೆಯುಬ್ಬಿಸುವುದನ್ನೂ ಅಪ್ಪ ಊಟಕ್ಕೆ ಕೂತಾಗ ಎರಡೂ ದನಿಯಲ್ಲಿ ಅಭಿನಯಿಸಿ ತೋರಿಸುತ್ತಿದ್ದರು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳೊಬ್ಬಳು ನಗುತ್ತಿರಲಿಲ್ಲ. "ನೀನ್ಯಾಕಪ್ಪ ಎದ್ದು ಹೇಳ್ಲಿಲ್ಲ?" ಎಂದು ಕೇಳಿ ಅವರ ಊಟ ಕೆಡಿಸುತ್ತಿದ್ದಳು.

ಲೆಕ್ಕಶಾಸ್ತ್ರ ಓದಿ, ಒಂದಾದ ಮೇಲೊಂದು ಪರೀಕ್ಷೆ ಮುಗಿಸಿ, ನೀರಿನ ಪಂಪು ತಯಾರಿಸುವ ಈ ಕಂಪನಿಗೆ ಸೇರಿದಳು. ಇಲ್ಲೇ ಪಂಪುಗಳ ನಕ್ಷೆ ಬಿಡಿಸುತ್ತಿದ್ದ ಮೆದುಮಾತಿನ ಒಬ್ಬನನ್ನು ಮೆಚ್ಚಿ ಮದುವೆಯಾದಳು. ಅವನು ಕಾಯಿಲೆ ಬಿದ್ದು ಬೇಗ ತೀರಿಕೊಂಡ. ಉಳಿದವರು ಅವಳು ಮತ್ತು ಅತ್ತೆ. ಅತ್ತೆ ದರ್ಜಿ ಕೆಲಸ ಮಾಡಿ ಮಗನನ್ನು ಓದಿಸಿದ ಹೆಂಗಸು, ಸೊಂಟ ಹಿಡಿದುಕೊಂಡರೂ ಅಕ್ಕಪಕ್ಕದವರ ಬಟ್ಟೆಗೆ ಅಂಚು ಮಡಚಿ ಹೊಲಿದುಕೊಡುವುದನ್ನು ಬಿಟ್ಟಿರಲಿಲ್ಲ. ಮೂರನೇ ಮಹಡಿಯಲ್ಲಿದ್ದ ಅವರ ಮನೆಯಲ್ಲಿ ಕಿಟಕಿಯ ಬಳಿ ಹೊಲಿಗೆ ಯಂತ್ರ, ಗೋಡೆಯ ಬಳಿ ಅವಳ ಮೇಜು. ಇಬ್ಬರಿಗೂ ಕೊನೆಯ ಮಾತು ತಮ್ಮದೇ ಆಗಬೇಕು. ಹೀಗಾಗಿ ಆ ಮನೆಯಲ್ಲಿ ಮಾತು ಮುಗಿಯುತ್ತಲೇ ಇರಲಿಲ್ಲ.

ಅವಳ ಕೆಲಸವೇನೆಂದು ಹೇಳಬೇಕು. ಕಂಪನಿಗೆ ಬೇರೆ ಬೇರೆ ದೇಶಗಳಲ್ಲಿ ಕಾರ್ಖಾನೆಗಳಿದ್ದವು. ಒಂದೊಂದೂ ತನ್ನ ದೇಶದ ಹಣದಲ್ಲಿ ಲೆಕ್ಕ ಬರೆಯುತ್ತದೆ. ಅವೆಲ್ಲವನ್ನೂ ಪ್ರಧಾನ ಕಚೇರಿಯ ಹಣಕ್ಕೆ ತಿರುಗಿಸಿ, ಒಂದೇ ಸಂಸಾರದ ಲೆಕ್ಕವೆಂಬಂತೆ ಒಟ್ಟುಗೂಡಿಸಬೇಕು. ವರ್ಷವಿಡೀ ನಡೆದ ಮಾರಾಟ, ಸಂಬಳ, ಖರ್ಚುಗಳಿಗೆ ವರ್ಷದ ಸರಾಸರಿ ವಿನಿಮಯ ದರ. ವರ್ಷದ ಕೊನೆಯಲ್ಲಿ ಇರುವ ಆಸ್ತಿ, ತೀರಿಸಬೇಕಾದ ಬಾಕಿಗಳಿಗೆ ಆ ಕೊನೆಯ ದಿನದ ದರ. ಎರಡು ದರ ಹಾಕಿದ ಮೇಲೆ ಎರಡು ಬದಿ ಹೇಗೆ ಕೂಡೀತು? ಕೂಡದೆ ಉಳಿದ ವ್ಯತ್ಯಾಸಕ್ಕೆ ಪರಿವರ್ತನಾ ಮೀಸಲು ಎಂದು ಹೆಸರು. ಅದು ಲಾಭನಷ್ಟದ ಪಟ್ಟಿಯ ತಂಟೆಗೆ ಹೋಗದೆ, ಬಂಡವಾಳದ ಪಕ್ಕದಲ್ಲಿ ಬೇರೆ ಸಾಲಿನಲ್ಲಿ ಕೂರುತ್ತದೆ.

ಇದನ್ನು ಅತ್ತೆಗೆ ಒಮ್ಮೆ ವಿವರಿಸಿದ್ದಳು. ಅತ್ತೆ ಸೂಜಿಗೆ ದಾರ ಪೋಣಿಸುತ್ತಾ ಕೇಳಿಸಿಕೊಂಡು, "ಒಟ್ಟಿನಲ್ಲಿ ಕೂಡದೇ ಇದ್ದಿದ್ದನ್ನೆಲ್ಲ ಒಂದು ಗೂಡಿಗೆ ತುರುಕಿ, ಆ ಗೂಡಿಗೊಂದು ದೊಡ್ಡ ಹೆಸರಿಟ್ಟಿದ್ದೀರಿ" ಎಂದರು.

"ತುರುಕೋದಲ್ಲ ಅತ್ತೆ. ಆ ಗೂಡಿಗೆ ಏನು ಹೋಗ್ಬೇಕು, ಏನು ಹೋಗ್ಬಾರ್ದು ಅಂತ ನಿಯಮ ಇದೆ."

"ನಿಯಮ ಇದ್ದ ಕಡೆ ಇಲಿನೂ ಇರುತ್ತೆ" ಎಂದು ಅತ್ತೆ ದಾರ ಕಚ್ಚಿ ತುಂಡರಿಸಿದರು. ಅವಳಿಗೆ ಮೂಗಿನವರೆಗೆ ಸಿಟ್ಟು ಬಂತು. ಯಾಕೆಂದರೆ ಆ ಮಾತು ಸುಳ್ಳಲ್ಲ.

ಸಮುದ್ರದ ಆಚೆಗಿದ್ದ ಕಾರ್ಖಾನೆಯ ಲೆಕ್ಕ ನೋಡಿಕೊಳ್ಳುತ್ತಿದ್ದವನನ್ನು ಅವಳು ಆಚೆದಡದವನು ಎಂದೇ ಕರೆಯುತ್ತಿದ್ದಳು. ಎಷ್ಟೋ ವರ್ಷಗಳಿಂದ ಫೋನಿನಲ್ಲೇ ಪರಿಚಯ, ಮುಖ ನೋಡಿದ್ದಿಲ್ಲ. ಅವನು ಅವಳನ್ನು ಅಕ್ಕ ಎನ್ನುತ್ತಿದ್ದ. ಲೆಕ್ಕ ತಡವಾದರೆ ಅವಳು ಅವನ ಜನ್ಮ ಜಾಲಾಡುತ್ತಿದ್ದಳು, ಅವನು ತಣ್ಣಗೆ ಕೇಳಿಸಿಕೊಂಡು, "ಅಕ್ಕ, ಬೈದು ಮುಗಿದ್ಮೇಲೆ ಹೇಳಿ, ಅಲ್ಲೀತನಕ ನಾನು ಊಟ ಮಾಡಿರ್ತೀನಿ" ಎನ್ನುತ್ತಿದ್ದ. ಹಾಗೆ ಅಂದುಬಿಟ್ಟರೆ ಅವಳು ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿತ್ತು.

ಆ ವರ್ಷ ಅವನ ದೇಶದ ಹಣ ನೆಲ ಕಚ್ಚಿತು. ವರ್ಷ ಮುಗಿಯುವಷ್ಟರಲ್ಲಿ ಅದರ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಕಾರ್ಖಾನೆ ಮಾತ್ರ ಹಿಂದೆಂದೂ ಇಲ್ಲದಷ್ಟು ಪಂಪು ಮಾರಿತ್ತು. ಕಬ್ಬಿಣ ಅಲ್ಲಿಯದೇ, ಸಂಬಳ ಅಲ್ಲಿಯದೇ, ಕೊಳ್ಳುವವರೂ ಅಲ್ಲಿಯವರೇ. ಅವರ ಹಣದಲ್ಲಿ ನೋಡಿದರೆ ಅದು ಸುಗ್ಗಿಯ ವರ್ಷ. ಪ್ರಧಾನ ಕಚೇರಿಯ ಹಣಕ್ಕೆ ತಿರುಗಿಸಿದೊಡನೆ ಮಾರಾಟ ಕುಗ್ಗಿತು, ಲಾಭ ಕುಗ್ಗಿತು, ಕಟ್ಟಡ ಕುಗ್ಗಿತು, ಯಂತ್ರಗಳೆಲ್ಲ ಕುಗ್ಗಿದವು. ತಿಂಗಳ ಸಭೆಗಳಲ್ಲಿ ಪರದೆಯ ಮೇಲೆ ಆ ಕಾರ್ಖಾನೆಯ ಗೆರೆ ಕೆಳಗಿಳಿಯುವುದನ್ನು ನೋಡಿ ದೊಡ್ಡ ದೊಡ್ಡವರು ನಾಲಿಗೆ ಲೊಚಗುಟ್ಟುತ್ತಿದ್ದರು. "ಅಲ್ಲೀ ಜನ ಮೈಗಳ್ಳರಾಗಿದ್ದಾರೆ" ಎಂದ ಒಬ್ಬನಿಗೆ ಮೆಣಸಕ್ಕ, "ಅಳತೆಪಟ್ಟಿ ಹಿಗ್ಗಿದ್ರೆ ಬಟ್ಟೆ ಸಣ್ಣದಾಯ್ತು ಅಂತೀರಾ?" ಎಂದು ಎಲ್ಲರೆದುರೇ ಝಾಡಿಸಿದ್ದಳು. ಅವನು ಮುಖ ಊದಿಸಿಕೊಂಡು ಕೂತ.

ಇಷ್ಟಾದರೂ ಅದು ದಿನನಿತ್ಯದ ಸಿಟ್ಟು. ನಿಜವಾದ ಸಂಗತಿ ಶುರುವಾದದ್ದು ಸಾಲದಿಂದ.

ಹಿಂದೆ ಯಾವಾಗಲೋ ಪ್ರಧಾನ ಕಚೇರಿ ಆ ಕಾರ್ಖಾನೆಗೆ ಸಾಲ ಕೊಟ್ಟಿತ್ತು. ಕಬ್ಬಿಣ ಕರಗಿಸಿ ಪಂಪಿನ ಮೈ ಎರಕ ಹೊಯ್ಯುವ ಹೊಸ ವಿಭಾಗ ಕಟ್ಟಲು ಕೊಟ್ಟ ಸಾಲ ಅದು, ಕೊಟ್ಟದ್ದು ಪ್ರಧಾನ ಕಚೇರಿಯ ಹಣದಲ್ಲಿ. ಅಲ್ಲಿಯ ಹಣ ಬಿದ್ದಂತೆಲ್ಲ ಅವರ ಪುಸ್ತಕದಲ್ಲಿ ಸಾಲ ಉಬ್ಬುತ್ತಾ ಹೋಯಿತು. ಒಂದು ಪೈಸೆ ಹೆಚ್ಚು ಪಡೆಯದೆಯೂ ಸಾಲ ಸುಮಾರು ಎರಡರಷ್ಟಾಯಿತು. ಆ ಉಬ್ಬು ನಷ್ಟವೇ. ಒಟ್ಟು ಕಂಪನಿಯ ಲೆಕ್ಕ ಕಟ್ಟುವಾಗ ಮನೆಯೊಳಗಿನ ಸಾಲ ಒಂದಕ್ಕೊಂದು ವಜಾ ಆಗಿ ಮಾಯವಾಗುತ್ತದೆ. ಉಬ್ಬಿದ ನಷ್ಟ ಮಾತ್ರ ಮಾಯವಾಗುವುದಿಲ್ಲ. ಅದು ಎಲ್ಲಿ ಕೂರಬೇಕು? ಸಾಲವನ್ನು ವಾಪಸು ಕೇಳುವ ಉದ್ದೇಶವಿದ್ದರೆ ಲಾಭವನ್ನು ಕಚ್ಚಿ ತಿನ್ನಬೇಕು. ಕೇಳುವ ಉದ್ದೇಶವೇ ಇಲ್ಲ, ಕಣ್ಣಿಗೆ ಕಾಣುವಷ್ಟು ದೂರದವರೆಗೆ ಅದು ಅಲ್ಲಿ ಹೂಡಿದ ಬಂಡವಾಳದಂತೆಯೇ ಇರುತ್ತದೆ ಎಂದಾದರೆ, ಆ ಮೀಸಲಿನ ಗೂಡಿಗೆ ಹೋಗಿ ಕೂರಬಹುದು.

ಆ ಸಾಲವನ್ನು ಯಾರೂ ಎಂದೂ ಕೇಳಿರಲಿಲ್ಲ. ಮುಂದೆಯೂ ಕೇಳುವುದಿಲ್ಲ ಎಂದು ಆಡಳಿತ ಮಂಡಳಿ ವರ್ಷ ಶುರುವಾಗುವಾಗಲೇ ನಿರ್ಣಯ ಮಾಡಿತ್ತು. ಸಹಿ ಹಾಕಿದವನು ಹಣಕಾಸಿನ ಮುಖ್ಯಸ್ಥ. ಕೆಲಸದಿಂದ ತೆಗೆಯುವಾಗಲೂ ನಗುತ್ತಲೇ ತೆಗೆಯುವವನಾದ್ದರಿಂದ ಅವನಿಗೆ ಕಚೇರಿಯಲ್ಲಿ ನಗುಮುಖ ಎಂಬ ಹೆಸರಿತ್ತು. ಆ ನಿರ್ಣಯವನ್ನು ನಂಬಿ ಮೆಣಸಕ್ಕ ನಷ್ಟವನ್ನು ಮೀಸಲಿಗೆ ಹಾಕಿದಳು. ಕಂಪನಿಯ ಲಾಭ ಗೀರೂ ಬೀಳದೆ ಉಳಿಯಿತು.

ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಆಚೆದಡದವನು ಫೋನ್ ಮಾಡಿದ.

"ಅಕ್ಕ, ಒಂದು ಕೇಳ್ಲಾ?"

"ದಾಸ್ತಾನಿನ ಲೆಕ್ಕ ಇನ್ನೂ ಕಳಿಸಿಲ್ಲ ಅಂತ ನೆಪ ಹೇಳೋದಾದ್ರೆ ಬೇಡ."

"ಅದಲ್ಲ. ಎರಕದ ವಿಭಾಗ ಮುಚ್ಚಿದ್ರೆ ಅದರ ಯಂತ್ರಗಳನ್ನ ಯಾವ ತಲೆಬರಹದ ಕೆಳಗೆ ತೋರಿಸ್ಬೇಕು?"

"ಮುಚ್ತಾರಾ? ಯಾರು?"

"ನಿಮಗೆ ಗೊತ್ತಿಲ್ವಾ? ನಿಮ್ಮ ಕಡೆಯಿಂದ್ಲೇ ಬಂದಿದ್ದು. ನಗುಮುಖ ಹೋದ ವಾರ ಇಲ್ಲಿಗೆ ಬಂದಿದ್ರು. ಸಾಲ ಕಂತುಕಂತಾಗಿ ಕಟ್ಟೋಕೆ ಶುರು ಮಾಡಿ ಅಂದ್ರು. ದುಡ್ಡೆಲ್ಲಿಂದ ತರೋಣ ಅಂದ್ರೆ, ಎರಕದ ಮನೆ ಮುಚ್ಚಿ, ಕುಲುಮೆ ಮಾರಿ, ಜನರನ್ನ ಕಳಿಸಿ, ಎರಕಾನ ಹೊರಗಿಂದ ಕೊಂಡ್ಕೊಳ್ಳಿ ಅಂದ್ರು. ಬಾಯಿಮಾತಲ್ಲೇ ಹೇಳಿದ್ರು. ಬರೆದು ಕೊಡಿ ಅಂದ್ರೆ, ನಗ್ತಾ ಭುಜ ತಟ್ಟಿ ಹೋದ್ರು."

ಮೆಣಸಕ್ಕನ ಕಿವಿಯವರೆಗೆ ಬಿಸಿ ಏರಿತು. ಸಾಲ ತಂದು ಕಟ್ಟಿದ ಕುಲುಮೆಯನ್ನು ಸಾಲ ತೀರಿಸಲು ಮಾರಬೇಕಂತೆ! ಅದೂ ಕೇಳುವುದೇ ಇಲ್ಲವೆಂದು ಸಹಿ ಹಾಕಿದ ಸಾಲ.

"ಕುಲುಮೆ ಹತ್ರ ನನ್ನ ಭಾವ ಇದ್ದಾನೆ" ಎಂದ ಆಚೆದಡದವನು. "ನನ್ನ ಸ್ವಂತ ಅಕ್ಕನಿಗೆ ಇನ್ನೂ ಹೇಳಿಲ್ಲ. ಪ್ರತಿದಿನ ಅವರ ಮನೇಲಿ ಕೂತು ಚಹಾ ಕುಡೀತೀನಿ, ಹೇಳೋಕೆ ಬಾಯಿ ಬರಲ್ಲ."

ಯಾಕೆ ಹೀಗೆ ಎಂದು ಹುಡುಕುವುದು ಕಷ್ಟವಿರಲಿಲ್ಲ. ನಗುಮುಖ ಮಂಡಳಿಗೆ ಹೊಸ ಕಚೇರಿ ಕಟ್ಟಡದ ಆಸೆ ಹುಟ್ಟಿಸಿದ್ದ. ಅದರ ಮಾದರಿ ಕೆಳಗಿನ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು, ಅಂಗೈಯಗಲದ ಹುಲ್ಲುಹಾಸು, ಬೆರಳುದ್ದದ ಮರಗಳು. ಕಟ್ಟಡಕ್ಕೆ ನಗದು ಬೇಕು. ಲಾಭ ಕರಗಲೂಬಾರದು, ಯಾಕೆಂದರೆ ಅವನ ಬೋನಸ್ಸು ಲಾಭಕ್ಕೆ ಗಂಟು ಬಿದ್ದಿತ್ತು. ಅತ್ತ ಸಾಲ ವಸೂಲಿ, ಇತ್ತ ವಸೂಲಿಯೇ ಇಲ್ಲವೆಂಬ ನಿರ್ಣಯ.

ಅವಳು ಬಾಗಿಲು ತಟ್ಟದೆ ಅವನ ಕೋಣೆಗೆ ನುಗ್ಗಿದಳು. ಅವನು ಯಾರದೋ ಜೊತೆ ಫೋನಿನಲ್ಲಿದ್ದ, ಕುರ್ಚಿ ತೋರಿಸಿ ನಕ್ಕ. ಅವಳು ಕೂರಲಿಲ್ಲ. ಅವನು ಫೋನ್ ಇಟ್ಟದ್ದೇ ತಡ, "ಆಚೆದಡದ ಸಾಲ ವಾಪಸು ಕೇಳಿದ್ದೀರಾ?" ಎಂದಳು.

"ಕೂತ್ಕೊಳ್ಳಿ ಮೇಡಂ, ನೀರು ಕುಡೀರಿ."

"ನನಗೆ ಬಾಯಾರಿಲ್ಲ. ಕೇಳಿದ್ದೀರಾ ಇಲ್ವಾ?"

"ಕೇಳಿದೆ ಅನ್ನೋದು ದೊಡ್ಡ ಮಾತು. ಸಾಧ್ಯವಾದ್ರೆ ಸ್ವಲ್ಪ ಸ್ವಲ್ಪ ಕೊಡಿ ಅಂದೆ. ಮನೆಯೊಳಗಿನ ಮಾತು."

"ಕೇಳಲ್ಲ ಅಂತ ಇಲ್ಲಿ ಸಹಿ ಹಾಕಿದ್ದೀರಿ. ಕೊಡಿ ಅಂತ ಅಲ್ಲಿ ಕುತ್ತಿಗೆ ಹಿಡ್ದಿದ್ದೀರಿ. ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ಹೇಳಿಬಿಡಿ, ನಾನು ಅದರಂತೆ ಬರ್ಕೋತೀನಿ."

ಅವನ ನಗು ಇನ್ನಷ್ಟು ಅಗಲವಾಯಿತು. "ಇದೆಲ್ಲ ಕಾಗದದ ಮೇಲಿನ ವಿಷಯ. ಲೆಕ್ಕಕ್ಕೊಂದು ಮಾತು, ವ್ಯವಹಾರಕ್ಕೊಂದು ಮಾತು. ಇಷ್ಟು ವರ್ಷ ಸರ್ವಿಸ್ ಮಾಡಿದ ನಿಮಗೆ ನಾನು ಹೇಳ್ಬೇಕಾ?"

"ಕಾಗದದ ಮೇಲಿಂದು ಕಾಗದದ ಮೇಲೇ ಇದ್ದಿದ್ರೆ ನಾನು ಮೆಟ್ಟಿಲು ಹತ್ತಿ ಬರ್ತಿರ್ಲಿಲ್ಲ. ಅಲ್ಲಿ ಒಂದಿಡೀ ವಿಭಾಗದ ಜನ ಬೀದಿಗೆ ಬೀಳ್ತಾರೆ."

"ಅವರ ಲೆಕ್ಕ ನೋಡಿ, ಎಷ್ಟು ಬಿದ್ದಿದೆ! ಲಾಭ ತರದ ವಿಭಾಗ ಇಟ್ಕೊಂಡು ಏನು ಮಾಡೋಣ?"

ಆ ಬಿದ್ದ ಅಂಕಿಗಳನ್ನು ತಿರುಗಿಸಿ ಬರೆದವಳು ಅವಳೇ. ಒಳ್ಳೆಯ ವರ್ಷವನ್ನು ಕೆಟ್ಟ ವರ್ಷದಂತೆ ಕಾಣಿಸಿದ ಆ ಅಂಕಿಗಳು ತಪ್ಪೂ ಅಲ್ಲ, ನಿಯಮದ ಪ್ರಕಾರವೇ ಇದ್ದವು. ತಾನೇ ಕೈಯಾರೆ ಹೆಣೆದ ಹಗ್ಗವನ್ನು ಇವನು ಇನ್ನೊಬ್ಬರ ಕೊರಳಿಗೆ ಹಾಕುತ್ತಿದ್ದಾನೆ ಅನ್ನಿಸಿತು. "ಅವರ ಹಣ ಬಿತ್ತು, ಅವರು ಬೀಳ್ಲಿಲ್ಲ. ಇದು ನಿಮಗೂ ಗೊತ್ತು" ಎಂದಳು. ದನಿ ಎಷ್ಟು ಏರಿತ್ತೆಂದರೆ ಹೊರಗೆ ಟೈಪಿಸುವ ಸದ್ದು ನಿಂತುಹೋಯಿತು.

"ಮೇಡಂ, ನೀವು ಎರಡು ದಿನ ರಜಾ ತಗೊಳ್ಳಿ" ಎಂದ ನಗುಮುಖ.

ಮನೆಗೆ ಬಂದವಳು ಚಪ್ಪಲಿಯನ್ನು ಒಂದು ಮೂಲೆಗೊಂದು ಎಸೆದಳು. ಅತ್ತೆ ಏನೆಂದು ಕೇಳಲಿಲ್ಲ. ಸೊಸೆಯ ಸಿಟ್ಟಿನ ತೂಕ ಅವರಿಗೆ ಹೆಜ್ಜೆಯ ಸದ್ದಿನಲ್ಲೇ ತಿಳಿಯುತ್ತಿತ್ತು. ತಟ್ಟೆ ಇಟ್ಟು ಬಡಿಸಿದರು. ಅವಳು ತುತ್ತು ನುಂಗುತ್ತಲೇ ಎಲ್ಲವನ್ನೂ ಹೇಳಿದಳು.

"ಅವನ ಕೆನ್ನೆಗೆ ಎರಡು ಬಿಟ್ಟು ಬರ್ಬೇಕಿತ್ತು" ಎಂದರು ಅತ್ತೆ.

"ಬಿಟ್ರೆ ನನ್ನ ಕೆಲಸ ಹೋಗುತ್ತೆ, ಅವನ ಕೆನ್ನೆ ಕೆಂಪಗಾಗುತ್ತೆ. ಅಷ್ಟೇ."

"ಹಾಗಾದ್ರೆ ಯಾರಿಗೆ ಹೇಳಿದ್ರೆ ಅವನಿಗೆ ಭಯ?"

ಅವಳು ಯೋಚಿಸಿದಳು. "ಆಡಿಟರಿಗೆ."

"ಮತ್ತೆ ಇಲ್ಲಿ ನನ್ನ ಹತ್ರ ಕೂಗಾಡಿ ಏನು ಪ್ರಯೋಜನ? ಊಟ ಮುಗಿಸು."

ಲೆಕ್ಕ ಪರಿಶೀಲಿಸಲು ಹೊರಗಿನಿಂದ ಬರುವ ಆಡಿಟರ್ ತೆಳ್ಳನೆಯ ಮನುಷ್ಯ, ಸದಾ ಶೀತ, ಕರವಸ್ತ್ರ ಕೈಬಿಡದವನು. ಅವನಿಗೆ ಕೊಟ್ಟಿದ್ದ ಕೋಣೆಯಲ್ಲಿ ಫೈಲುಗಳು ಕಿಟಕಿಯ ಎತ್ತರಕ್ಕೆ ಬೆಳೆದಿದ್ದವು. ಮೆಣಸಕ್ಕ ರಜಾ ತೆಗೆದುಕೊಳ್ಳಲಿಲ್ಲ, ಮರುದಿನವೇ ಹೋಗಿ ಅವನೆದುರು ಕೂತಳು.

"ಆ ಸಾಲದ ನಷ್ಟ ಮೀಸಲಿಗೆ ಹಾಕಿದ್ದೀವಲ್ಲ, ಅದಕ್ಕೆ ಆಧಾರ ಏನು ಅಂತ ನೋಡಿದ್ರಾ?"

"ಮಂಡಳಿ ನಿರ್ಣಯ ಇದೆಯಲ್ಲ. ಸಹಿ ಇದೆ" ಎಂದು ಅವನು ಮೂಗೊರೆಸಿಕೊಂಡ.

"ನಿರ್ಣಯ ಇದೆ. ಅಲ್ಲಿ ಹೋಗಿ ಕಂತು ಕಟ್ಟಿ ಅಂತ ಹೇಳಿದ್ದೂ ಇದೆ."

ಆಡಿಟರ್ ಪೆನ್ನು ಕೆಳಗಿಟ್ಟ. "ಇದು ಗಂಭೀರ ಮಾತು ಮೇಡಂ. ಯಾರು ಹೇಳಿದ್ರು?"

ಅವಳು ಹಿಂದೆಮುಂದೆ ನೋಡಲಿಲ್ಲ. ಅವನ ಮೇಜಿನ ಫೋನನ್ನು ತನ್ನತ್ತ ಎಳೆದುಕೊಂಡು ಆಚೆದಡದ ನಂಬರು ಒತ್ತಿ, ಸದ್ದು ಕೋಣೆಗೆಲ್ಲ ಕೇಳುವಂತೆ ಮಾಡಿದಳು. "ನನ್ನೆದುರು ಆಡಿಟರ್ ಕೂತಿದ್ದಾರೆ. ನಿನ್ನೆ ನನಗೆ ಹೇಳಿದ್ದನ್ನ ಅವರಿಗೂ ಹೇಳು" ಎಂದಳು.

ಆ ಕಡೆ ಎಲ್ಲೋ ದೂರದಲ್ಲಿ ಕಬ್ಬಿಣದ ಮೇಲೆ ಸುತ್ತಿಗೆ ಬೀಳುವ ಸದ್ದು ಕೇಳುತ್ತಿತ್ತು.

"ಅಕ್ಕ..." ಎಂದ ಅವನು.

"ಹೇಳೋ. ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?"

ಅವನು ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ ಹೇಳಿದ. ಯಾರು ಬಂದರು, ಏನೆಂದರು, ಏನನ್ನು ಮುಚ್ಚಬೇಕಂತೆ. ಆಡಿಟರ್ ಕೇಳಿದ ಪ್ರಶ್ನೆಗಳಿಗೆ ಹೌದು ಹೌದು ಎಂದ. ಕೊನೆಗೆ ಅವಳಿಗೆ ಒಂದು ಮಾತೂ ಹೇಳದೆ ಫೋನ್ ಇಟ್ಟ. ಗೆದ್ದ ಹುರುಪಿನಲ್ಲಿದ್ದ ಅವಳಿಗೆ ಅದು ಗಮನಕ್ಕೂ ಬರಲಿಲ್ಲ.

ಮುಂದಿನದು ಸರಸರನೆ ನಡೆಯಿತು. ವಸೂಲಿಯ ಯೋಜನೆ ಇರುವುದಾದರೆ ನಷ್ಟವನ್ನು ಮೀಸಲಿನಲ್ಲಿ ಅಡಗಿಸಲು ಬರುವುದಿಲ್ಲ, ಲಾಭಕ್ಕೆ ಹೊಡೆತ ಬೀಳುತ್ತದೆ, ಇಲ್ಲದಿದ್ದರೆ ತಾನು ಸಹಿ ಮಾಡುವುದಿಲ್ಲ ಎಂದು ಆಡಿಟರ್ ಮಂಡಳಿಗೆ ತಿಳಿಸಿದ. ಮಂಡಳಿ ಸೇರಿತು. ಮೆಣಸಕ್ಕನನ್ನು ಒಳಗೆ ಕರೆಯಲಿಲ್ಲ. ಅವಳು ಹಜಾರದಲ್ಲಿ ಆ ಗಾಜಿನ ಪೆಟ್ಟಿಗೆಯ ಪಕ್ಕ ನಿಂತಿದ್ದಳು. ಹೊರಗೆ ಬಂದ ತೀರ್ಮಾನ ಹೀಗಿತ್ತು: ಸಾಲ ವಾಪಸು ಕೇಳುವ ಯೋಜನೆ ಕಂಪನಿಗೆ ಎಂದೂ ಇರಲಿಲ್ಲ, ಈಗಲೂ ಇಲ್ಲ. ಎಲ್ಲೋ ತಪ್ಪು ತಿಳಿವಳಿಕೆಯಾಗಿದೆ. ಎರಕದ ವಿಭಾಗ ಹಾಗೇ ಮುಂದುವರಿಯುತ್ತದೆ.

ಕುಲುಮೆ ಉಳಿಯಿತು. ಅವಳು ಕುಣಿದಾಡಬೇಕಿತ್ತು. ಬದಲಿಗೆ ಅವಳ ಸಿಟ್ಟು ಇನ್ನಷ್ಟು ಏರಿತು. ಆ ಕೋಣೆಯಲ್ಲಿ ಕೂತವರಲ್ಲಿ ಒಬ್ಬರಾದರೂ ಕುಲುಮೆಯ ಮುಂದೆ ಬೆವರುವವರ ಹೆಸರೆತ್ತಿರಲಿಲ್ಲ ಎಂದು ಟಿಪ್ಪಣಿ ಬರೆದುಕೊಂಡ ಕಾರ್ಯದರ್ಶಿಯೇ ಹೇಳಿದಳು. ಲಾಭದ ಸಾಲು ಚಂದ ಕಾಣಲಿ ಎಂದು ಅವರನ್ನು ಉಳಿಸಿದ್ದರು. ಅದೇ ಲಾಭದ ಸಾಲು ಬೇರೆ ರೀತಿಯಲ್ಲಿ ಚಂದ ಕಾಣುವುದಿದ್ದರೆ ಅವರನ್ನು ಬೀದಿಗೆ ದಬ್ಬುತ್ತಿದ್ದರು, ಅಷ್ಟೇ ಶಾಂತವಾಗಿ. ನಗುಮುಖನ ಬೋನಸ್ಸು ಪೂರ್ತಿ ಬಂತು. "ಸಂಕಟದ ಕಾಲದಲ್ಲಿ ಕಾರ್ಖಾನೆಯ ಕೈಬಿಡದವರು" ಎಂದು ಕಂಪನಿಯ ಪತ್ರಿಕೆಯಲ್ಲಿ ಅವನ ಪಟ ಅಚ್ಚಾಯಿತು, ಹಲ್ಲು ಕಾಣುವಂತೆ.

ಮೆಣಸಕ್ಕನಿಗೆ ಬಡ್ತಿಯ ಹೆಸರಿನಲ್ಲಿ ವರ್ಗವಾಯಿತು. 'ದಾಖಲೆ ಮತ್ತು ಪದ್ಧತಿ ಸಲಹೆಗಾರ್ತಿ'. ನೆಲಮಾಳಿಗೆಯಲ್ಲಿ ಜನರೇಟರಿನ ಪಕ್ಕದ ಕೋಣೆ, ಹಳೆಯ ತೆರಿಗೆ ಕಡತಗಳ ರಾಶಿ, ಒಂದು ಮೇಜು. ಕರೆಂಟು ಹೋದಾಗಲೆಲ್ಲ ಗೋಡೆ ಗಡಗಡ ನಡುಗುತ್ತಿತ್ತು. ಮೇಲಿನವರು ಅವಳನ್ನು ಕಂಡರೆ ಮೊಬೈಲು ನೋಡಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು.

"ಬಿಟ್ಟುಬಿಡು ಆ ಹಾಳು ಕೆಲಸಾನ. ನನ್ನ ಯಂತ್ರ ಇನ್ನೂ ಓಡ್ತಿದೆ" ಎಂದರು ಅತ್ತೆ.

"ನಾನು ಬಿಟ್ರೆ ಅವನಿಗೆ ಹಬ್ಬ. ಬಿಡಲ್ಲ."

"ಹಟಕ್ಕೆ ಅಲ್ಲಿ ಕೂತು ಧೂಳು ಕುಡಿ ಹಾಗಾದ್ರೆ."

ಅವಳು ಕೂತಳು.

ಮುಂದಿನ ವರ್ಷ ಕಂಪನಿಯ ದೊಡ್ಡ ಸಮಾರಂಭ. ಬೇರೆ ಬೇರೆ ದೇಶದ ಕಾರ್ಖಾನೆಗಳಿಂದ ಒಬ್ಬೊಬ್ಬರನ್ನು ಕರೆಸಿದ್ದರು. ಆಚೆದಡದ ಕಾರ್ಖಾನೆಯ ಪರವಾಗಿ ಬಂದವನು ಅವನೇ. ಅವಳು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ಅವನನ್ನು ಮೊದಲ ಬಾರಿಗೆ ನೋಡಿದಳು. ದನಿ ಕೇಳಿ ಅವಳು ಅಂದುಕೊಂಡಿದ್ದಕ್ಕಿಂತ ವಯಸ್ಸಾದ, ಕುಳ್ಳಗಿನ, ಅಳತೆಗೆ ದೊಡ್ಡದಾದ ಕೋಟು ತೊಟ್ಟ ಮನುಷ್ಯ. ವೇದಿಕೆಯಲ್ಲಿ ನಗುಮುಖನಿಗೆ ಶಾಲು ಹೊದಿಸಿ, ಹೂಗುಚ್ಛ ಕೊಟ್ಟು, ಮೈಕಿನ ಮುಂದೆ ನಿಂತು ಹೇಳಿದ: "ನಮ್ಮ ಎರಕದ ಮನೆ ಇವತ್ತು ಉರೀತಿದ್ರೆ ಅದು ಇವರ ದೊಡ್ಡ ಮನಸ್ಸಿನಿಂದ. ನಮ್ಮ ಜನ ಇದನ್ನ ಮರೆಯಲ್ಲ."

ಚಪ್ಪಾಳೆ. ಮೆಣಸಕ್ಕ ಎದ್ದು, ಸಾಲಿನಲ್ಲಿ ಕೂತವರ ಕಾಲು ತುಳಿಯುತ್ತಾ ಹೊರಗೆ ಬಂದಳು. ನೆಲಮಾಳಿಗೆಗೆ ಇಳಿದು ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. "ಅಕ್ಕ" ಎಂಬ ಪರಿಚಿತ ದನಿ, ಅಪರಿಚಿತ ಮುಖ.

"ಬಾ. ನಿನ್ನ ಭಾಷಣ ಕೇಳ್ದೆ. ನಾಚಿಕೆ ಆಗ್ಲಿಲ್ವಾ? ಯಾರ ಕುತ್ತಿಗೆ ಹಿಸುಕೋಕೆ ಬಂದಿದ್ನೋ ಅವರ ಕೈಯಲ್ಲೇ ಶಾಲು ಹೊದಿಸ್ಕೊಂಡ. ನೀನು ಹೊದಿಸ್ದೆ!"

ಅವನು ಕಡತದ ಪೆಟ್ಟಿಗೆಯೊಂದರ ಮೇಲೆ ಕೂತ. ಎಂದೂ ಏರದ ಅವನ ದನಿ ಅವತ್ತು ಏರಿತು. "ನಾಚಿಕೆ ನನಗಾ? ಅವತ್ತು ಆಡಿಟರ್ ಮುಂದೆ ಫೋನ್ ಹಚ್ಚೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ ನೀವು?"

ಅವಳು ಮೇಜಿನ ಮೇಲಿದ್ದ ಕಡತವನ್ನು ಮುಚ್ಚಿ ಪಕ್ಕಕ್ಕಿಟ್ಟಳು.

"ನಿಮ್ಮನ್ನ ನಂಬಿ ಹೇಳ್ಕೊಂಡೆ. ನೀವು ನನ್ನನ್ನ ಎತ್ತಿ ಬೆಂಕಿಗೆ ಹಾಕಿದ್ರಿ, 'ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ' ಅಂದ್ರಿ. ನಾನು ಸುಳ್ಳು ಹೇಳಿದ್ರೆ ನನ್ನ ಭಾವನ ಕೆಲಸ ಹೋಗ್ತಿತ್ತು, ನಿಜ ಹೇಳಿದ್ರೆ ನನ್ನದು. ಆ ಒಂದು ಗಳಿಗೇಲಿ ನಾನೇನು ಅನುಭವಿಸ್ದೆ ಅಂತ ಯಾವತ್ತಾದ್ರೂ ಯೋಚಿಸಿದ್ರಾ? ಆಮೇಲೆ ಇಡೀ ವರ್ಷ ಆ ನಗುಮುಖ ನನ್ನನ್ನ ಹೇಗೆ ಆಡಿಸಿದ ಗೊತ್ತಾ? ಸಂಬಳ ಏರಿಸಲಿಲ್ಲ, ವಾರಕ್ಕೊಂದು ವಿಚಾರಣೆ. ಈಗ ಇಲ್ಲಿಗೆ ಬಂದು ಹೊಗಳು ಅಂದ. ಹೊಗಳಿದೆ. ಹೊಗಳಿದ್ರಿಂದ ಮುಂದಿನ ವರ್ಷ ಅವನು ಕುಲುಮೆ ಮುಟ್ಟೋಕೆ ಹಿಂಜರೀತಾನೆ, ಎಲ್ಲರೆದುರು ದೊಡ್ಡ ಮನಸ್ಸಿನವನು ಅನ್ನಿಸ್ಕೊಂಡಿದ್ದಾನಲ್ಲ. ನಿಮಗೆ ಸಿಟ್ಟು ಮಾಡ್ಕೊಳ್ಳೋಕೆ ಪುರಸೊತ್ತಿದೆ ಅಕ್ಕ. ನಮಗಿಲ್ಲ."

ಜನರೇಟರು ಶುರುವಾಗಿ ಗೋಡೆ ನಡುಗತೊಡಗಿತು. ಸದ್ದು ನಿಲ್ಲುವವರೆಗೆ ಇಬ್ಬರೂ ಮಾತಾಡುವಂತಿರಲಿಲ್ಲ. ಅಷ್ಟು ಹೊತ್ತು ಅವಳು ಅವನ ಕೋಟಿನ ಉದ್ದ ತೋಳುಗಳನ್ನೇ ನೋಡುತ್ತಾ ಕೂತಿದ್ದಳು. ಎರವಲು ತಂದ ಕೋಟು.

ಸದ್ದು ನಿಂತಾಗ, "ಕೇಳಬೇಕಿತ್ತು" ಎಂದಳು. ಅವಳ ಬಾಯಲ್ಲಿ ಅದು ಕ್ಷಮೆ ಕೇಳಿದಂತೆಯೇ.

"ಹೂಂ."

"ಕೇಳಿದ್ರೆ ಹೇಳ್ತಿದ್ಯಾ?"

"ಗೊತ್ತಿಲ್ಲ. ಬಹುಶಃ ಒಂದು ರಾತ್ರಿ ನಿದ್ದೆಗೆಟ್ಟು ಆಮೇಲೆ ಹೇಳ್ತಿದ್ದೆ. ಆ ಒಂದು ರಾತ್ರಿನಾದ್ರೂ ನೀವು ನನಗೆ ಬಿಡ್ಬೇಕಿತ್ತು."

ಅವಳು ಅವನನ್ನು ಮನೆಗೆ ಊಟಕ್ಕೆ ಕರೆದಳು. ಅವನು ಬಂದ. ಮೂರನೇ ಮಹಡಿಯ ಆ ಮನೆಯಲ್ಲಿ ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೊದಲು ಕೋಟು ಬಿಚ್ಚಿಸಿದರು. ತೋಳನ್ನು ಒಳಗೆ ಮಡಚಿ, ಗುಂಡುಪಿನ್ನು ಚುಚ್ಚಿ, "ಎರವಲಿಂದಾದ್ರೆ ಬರೀ ಟಾಕಾ ಹೊಲಿಗೆ ಹಾಕ್ತೀನಿ, ವಾಪಸು ಕೊಡುವಾಗ ಬಿಚ್ಚು" ಎಂದರು. ಅವನು ನಕ್ಕುಬಿಟ್ಟ. ಮೂವರೂ ಒಂದೇ ಮೇಜಿಗೆ ಊಟಕ್ಕೆ ಕೂತರು. ಅವನು ಭಾವನ ವಿಷಯ ಹೇಳಿದ, ಕೊನೆಗೂ ತನ್ನ ಸ್ವಂತ ಅಕ್ಕನಿಗೆ ತಿಳಿದು ಅವಳು ತನ್ನ ಮೇಲೆ ಹರಿಹಾಯ್ದ ವಿಷಯ ಹೇಳಿದ. ಅಕ್ಕಂದಿರೆಲ್ಲ ಹೀಗೇನೋ ಎಂದ. ಮೆಣಸಕ್ಕ ಹೆಚ್ಚು ಮಾತಾಡಲಿಲ್ಲ, ಅವನ ತಟ್ಟೆಗೆ ಬಡಿಸುತ್ತಿದ್ದಳು.

ಅವನು ಹೋದ ಮೇಲೆ ಅವಳ ಸಿಟ್ಟು ಇಳಿಯಿತೇ ಎಂದರೆ ಇಲ್ಲ. ಆದರೆ ಅದು ಮುಂಚಿನಂತೆ ಒಂದೇ ಕಡೆಗೆ ಹರಿಯುತ್ತಿರಲಿಲ್ಲ. ನಗುಮುಖನ ಮೇಲೆ ಇತ್ತು, ಮಂಡಳಿಯ ಮೇಲೆ ಇತ್ತು, ಜೊತೆಗೆ ತನ್ನ ಮೇಲೂ ಒಂದು ಪಾಲು ಬಂದು ಕೂತಿತ್ತು. ಅದು ಹೊಸ ಪಾಲು, ಎಲ್ಲಿಡಬೇಕೆಂದು ತೋಚದೆ ಎಷ್ಟೋ ದಿನ ಅದನ್ನು ಹೊತ್ತುಕೊಂಡು ತಿರುಗಿದಳು.

ಅವಳು ಕೆಲಸ ಬಿಡಲಿಲ್ಲ. ನೆಲಮಾಳಿಗೆಯಿಂದಲೇ ಮಂಡಳಿಗೆ ನಗುಮುಖನ ಮೇಲೆ ದೂರು ಬರೆದಳು. ಬರೆಯುವ ಮುಂಚೆ ಆಚೆದಡಕ್ಕೆ ಫೋನ್ ಮಾಡಿ, ನಿನ್ನ ಹೆಸರು ಹಾಕಲೇ ಬೇಡವೇ ಎಂದು ಕೇಳಿದಳು. ಅವನು ಒಂದು ರಾತ್ರಿ ಸಮಯ ಕೇಳಿ, ಮರುದಿನ ಬೇಡ ಎಂದ. ಅವಳು ಹಲ್ಲು ಕಚ್ಚಿಕೊಂಡು ಒಪ್ಪಿದಳು. ಅವನ ಹೆಸರಿಲ್ಲದೆ ದೂರು ಬಡಕಲಾಯಿತು. ಅದು ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಆಮೇಲೆ ಏನೂ ಬರಲಿಲ್ಲ. ನಗುಮುಖ ಇನ್ನೂ ದೊಡ್ಡ ಕಂಪನಿಗೆ, ಇನ್ನೂ ದೊಡ್ಡ ಹುದ್ದೆಗೆ ಹೋದ. ಬೀಳ್ಕೊಡುಗೆಯ ದಿನ ನೆಲಮಾಳಿಗೆಗೂ ಇಳಿದು ಬಂದು ಕೈ ಚಾಚಿದ. ಅವಳು ಕೈ ಕೊಡಲಿಲ್ಲ.

"ಇನ್ನೂ ಸಿಟ್ಟಾ ಮೇಡಂ?" ಎಂದು ಅವನು ನಕ್ಕ.

"ಇನ್ನೂ" ಎಂದು ಹೇಳಿ ಅವಳು ತನ್ನ ಕಡತದ ಕಡೆಗೆ ತಿರುಗಿದಳು.